ಮುಯ್ಯಿಗೆ ಹೋದ ಬೆಟ್ಟಗಳು

ಹೋದ ವರ್ಷ ಜುಲೈ ತಿಂಗಳ ಎರಡನೇ ಶುಕ್ರವಾರ ಬೆಳಿಗ್ಗೆ ಮಧುಗಿರಿಯಲ್ಲಿ, ನಮ್ಮ ಬೀದಿಯ ಬಸವರಾಜುವಿನ ಮನೆಯಲ್ಲಿ, ನಾನು ಒಂದು ತಟ್ಟೆ ಚಿತ್ರಾನ್ನ ತಿಂದೆ. ತಿಂದು ಮುಗಿಸಿದಾಗ ತಟ್ಟೆಯ ತಳದಲ್ಲಿ ‘ಶಿವಣ್ಣ ಮತ್ತು ಮಕ್ಕಳು, ತೋವಿನಕೆರೆ’ ಎಂದು ಕೆತ್ತಿದ್ದು ಕಾಣಿಸಿತು. ನೀರಿನ ಚೊಂಬು ನೋಡಿದೆ. ಅದರ ಮೇಲೆ ಬೇರೊಬ್ಬರ ಹೆಸರಿತ್ತು, ಊರು ಸಿರಾ. ಕಾಫಿ ಬಂದ ಲೋಟದ ಮೇಲೆ ಮೂರನೆಯವರ ಹೆಸರು, ಊರು ಪಾವಗಡ.

ಹೆಸರು, ಊರು ಕಂಡರೆ ನನ್ನ ಕಣ್ಣು ತಾನಾಗಿ ನಿಲ್ಲುತ್ತದೆ. ಮೂವತ್ತು ವರ್ಷದಿಂದ ಒಂದು ದಿನಪತ್ರಿಕೆಗೆ ಈ ನಾಲ್ಕು ತಾಲ್ಲೂಕಿನ ಸುದ್ದಿ ಕಳಿಸಿ ಕಳಿಸಿ ಅಂಟಿದ ಚಟ. ಮದುವೆ ಊಟಕ್ಕೆ ಕೂತರೂ ಮೊದಲು ಓದುವುದು ನೀರಿನ ಬಾಟಲಿಯ ಮೇಲಿನ ವಿಳಾಸವನ್ನೇ. ಹಾಗಾಗಿ ಕೇಳಿದೆ.

“ಇದೇನಮ್ಮ ಗಿರಿಜಾ, ಪಾತ್ರೆಯೆಲ್ಲ ಬೇರೆಯವರ ಹೆಸರಲ್ಲಿವೆ?”

ಗಿರಿಜಾ ಬಸವರಾಜುವಿನ ಹೆಂಡತಿ. ನಲವತ್ತು ದಾಟಿದ ಹೆಂಗಸು. ಮದುವೆಗೆ ಮುಂಚೆ ತುಮಕೂರಿನಲ್ಲಿ ಒಂದು ವರ್ಷ ಚಿತ್ರಕಲೆ ಕಲಿತಿದ್ದಳು. ಆಮೇಲೂ ಬಿಟ್ಟಿರಲಿಲ್ಲ.

“ಅದೆಲ್ಲ ನನ್ನ ಚಿತ್ರಗಳಿಗೆ ಬಂದಿದ್ದು ಅಣ್ಣ” ಎಂದು ನಕ್ಕಳು.

ಮುಯ್ಯಿಯ ಸಂಗತಿ ನಿಮಗೆ ಹೊಸದೇನಲ್ಲ. ಅವರ ಮನೆಯ ಶುಭಕಾರ್ಯಕ್ಕೆ ನಾವು ಏನಾದರೂ ಕೊಡುತ್ತೇವೆ, ನಮ್ಮ ಮನೆಯ ಕಾರ್ಯಕ್ಕೆ ಅವರು ಅಷ್ಟೇ ತೂಕದ್ದನ್ನು ತಂದು ಕೊಡುತ್ತಾರೆ. ಗಿರಿಜಾ ಮದುವೆಯಾಗಿ ಬಂದ ಹೊಸದರಲ್ಲಿ ಯಾರದೋ ಗೃಹಪ್ರವೇಶಕ್ಕೆ ತಾನು ಬರೆದ ಮಧುಗಿರಿ ಬೆಟ್ಟದ ಚಿತ್ರವನ್ನೇ ಒಯ್ದಿದ್ದಳು. ಚೆನ್ನಾಗಿದೆ ಎಂದರು. ಅಲ್ಲಿಂದ ನೆಂಟರಿಷ್ಟರು ಯಾರ ಮನೆ ಕಟ್ಟಿದರೂ ಆಹ್ವಾನಪತ್ರಿಕೆ ಕೊಡುವಾಗಲೇ “ನಮಗೂ ಒಂದು ಬೆಟ್ಟ ಅಕ್ಕಾ” ಎನ್ನತೊಡಗಿದರು. ಮುಂದೆ ಬಸವರಾಜು ಮನೆಯ ಮೇಲೆ ಮಹಡಿ ಎಬ್ಬಿಸಿದಾಗ ಅವರೆಲ್ಲ ಸ್ಟೀಲ್ ಪಾತ್ರೆ ಹಿಡಿದು ಬಂದರು. ಬೆಟ್ಟಗಳು ನಾಲ್ಕು ತಾಲ್ಲೂಕಿನ ಗೋಡೆಗಳಿಗೆ ಹೋದವು. ತಟ್ಟೆ ಲೋಟಗಳು ಗಿರಿಜಾಳ ಅಡುಗೆಮನೆಗೆ ಬಂದವು.

ನಾನು ಚಿಕ್ಕವನಿದ್ದಾಗ ಪಾತ್ರೆಗೆ ಹೆಸರು ಹಾಕುವವನೊಬ್ಬ ನಮ್ಮ ಬೀದಿಗೆ ಬರುತ್ತಿದ್ದ. ಜಗುಲಿಯ ಮೇಲೆ ಕೂತು, ಮೊಂಡು ಉಳಿಯೊಂದನ್ನು ಪಾತ್ರೆಯ ಮೇಲಿಟ್ಟು, ಸಣ್ಣ ಸುತ್ತಿಗೆಯಿಂದ ಟಕಟಕ ಬಡಿಯುತ್ತ ಚುಕ್ಕಿ ಚುಕ್ಕಿಯಾಗಿ ಅಕ್ಷರ ಮೂಡಿಸುತ್ತಿದ್ದ. ಅಕ್ಷರಕ್ಕಿಷ್ಟು ಎಂದು ದರ. ನಮ್ಮಪ್ಪ ಮೊದಲೆರಡು ಅಕ್ಷರಕ್ಕೇ “ಸಾಕು ನಿಲ್ಲಿಸಪ್ಪ” ಎನ್ನುತ್ತಿದ್ದರು. ಅವರ ಮೊದಲೆರಡು ಅಕ್ಷರಗಳು ಅರ್ಧ ಊರಿನ ಗಂಡಸರವೂ ಆಗಿದ್ದರಿಂದ ನಮ್ಮ ಮನೆಯ ಪಾತ್ರೆ ಎರವಲು ಹೋದರೆ ವಾಪಸು ಬರುತ್ತಿದ್ದುದು ಕಡಿಮೆ. ಆ ಹೆಸರು ಹಾಕುವವನು ಒಂದು ಅಕ್ಷರವನ್ನೂ ಪುಕ್ಕಟೆ ಕೊಟ್ಟಿದ್ದನ್ನು ನಾನು ನೋಡಿಲ್ಲ. ದೀರ್ಘ ಎಳೆದರೂ ಕೇಳಿ ಇಸಿದುಕೊಳ್ಳುತ್ತಿದ್ದ. ಕೈಕೆಲಸಕ್ಕೆ ಬೆಲೆ ಹೇಳಲು ನಾಚದ ಮನುಷ್ಯರನ್ನು ನೆನೆದಾಗ ನನಗೆ ಈಗಲೂ ಅವನೇ ಮೊದಲು ನೆನಪಾಗುತ್ತಾನೆ.

ಗಿರಿಜಾ ನಾಚುತ್ತಿದ್ದಳು. ಅಂದು ನನ್ನನ್ನು ತಿಂಡಿಗೆ ಕರೆದದ್ದು ಆ ಕಾರಣಕ್ಕೇ. ಅವಳು ಬಾಯಿ ಬಿಡುವ ಮೊದಲೇ ಒಳಗಿನಿಂದ ಅವಳ ಅತ್ತೆ ಗೌರಮ್ಮ ಬಂದರು. ಎಪ್ಪತ್ತು ದಾಟಿದವರು, ಹಣೆಯಲ್ಲಿ ಮೂರು ಬೆರಳಿನ ವಿಭೂತಿ. ಹಗ್ಗ, ಗುದ್ದಲಿ, ಬಿತ್ತನೆಬೀಜ ಮಾರುವ ಅಂಗಡಿಯನ್ನು ಗಂಡ ತೀರಿಕೊಂಡ ಮೇಲೆ ಹದಿನೈದು ವರ್ಷ ತಾವೇ ನಡೆಸಿ ಮಗನ ಕೈಗೆ ಕೊಟ್ಟವರು.

“ನೋಡಪ್ಪ ಪೇಪರಿನೋನೇ, ನೀನು ನ್ಯಾಯ ಹೇಳು. ಆ ಮುಂದಿನ ಕೋಣೆ ಐತಲ್ಲ, ಕಡ್ಲೆಕಾಯಿ ಯಾಪಾರದೋರು ಚೀಲ ಇಡಾಕೆ ಬಾಡಿಗೆ ಕೇಳ್ತಾವ್ರೆ. ಇವಳು ನೋಡುದ್ರೆ ಅದರ ತುಂಬ ಬೆಟ್ಟ ಇಟ್ಕೊಂಡವ್ಳೆ.”

“ಚಿತ್ರ ಬರೆಯೋಕೆ ಜಾಗ ಬೇಕಲ್ಲಮ್ಮ” ಎಂದೆ.

“ಬರೀಲಿ. ಬ್ಯಾಡ ಅಂದೋರ್ಯಾರು? ಯಾಪಾರ ಆದ್ರೆ ಅದು ಅಂಗಡಿ, ಕೋಣೆ ಅವಳದೇ. ಆಗಲಿಲ್ಲ ಅಂದ್ರೆ ಅದು ಬರೀ ಆಟ, ಆಟ ಆಡಾಕೆ ಮಾಳಿಗೆ ಮೇಲೆ ಜಾಗ ಇಲ್ವಾ? ದೀಪಾವಳಿಗೆ ಗಡುವು ಹಾಕಿವ್ನಿ. ಅಷ್ಟರಾಗೆ ಗುರುತು ಪರಿಚಯ ಇಲ್ದೋರು ಯಾರಾನ ಒಬ್ರು ದುಡ್ಡು ಕೊಟ್ಟು ಒಂದೇ ಒಂದು ಚಿತ್ರ ತಗೊಳ್ಳಲಿ. ನಾನು ಬಾಯಿ ಮುಚ್ಕೊಂತೀನಿ.”

ಬಸವರಾಜುವಿನ ಅಭಿಪ್ರಾಯ ಕೇಳಿದೆ. ಅಂಗಡಿಗೆ ಹೊತ್ತಾಯಿತು ಎಂದು ಅವನು ಚಪ್ಪಲಿ ಮೆಟ್ಟಿಕೊಂಡ.

ಅತ್ತೆ ಒಳಗೆ ಹೋದ ಮೇಲೆ ಗಿರಿಜಾ ಕೋಣೆ ತೋರಿಸಿದಳು. ಹತ್ತು ಅಡಿ, ಎಂಟು ಅಡಿ. ಒಂದು ಕಿಟಕಿ, ಕಿಟಕಿಯ ತುಂಬ ಬೆಟ್ಟ. “ಮಾಳಿಗೆ ಮೇಲೆ ಬಿಸಿಲಿಗೆ ಬಣ್ಣ ಕುಂಚದಲ್ಲೇ ಒಣಗುತ್ತೆ ಅಣ್ಣ. ಅಡುಗೆಮನೇಲಿ ಬರೆದರೆ ಒಗ್ಗರಣೆ ಎಣ್ಣೆ ಕಾಗದದ ಮೇಲೆ ಕೂತು ನೀರುಬಣ್ಣ ಹಿಡಿಯಲ್ಲ. ಎರಡೂ ಮಾಡಿ ನೋಡಿದ್ದೀನಿ. ಈ ಕೋಣೆ ಹೋದರೆ ನಾನು ಬರೆಯೋದು ಅಲ್ಲಿಗೆ ನಿಂತ ಹಾಗೆ. ನೀವು ನಾಲ್ಕು ಊರು ಸುತ್ತೋರು. ಹೆಸರಿಲ್ಲದೋರು ಚಿತ್ರ ಮಾರೋದು ಹೇಗೆ ಅಂತ ಯಾರನ್ನಾದರೂ ಕೇಳಿ ಹೇಳಿ.”

ಕೇಳಿ ಹೇಳುವುದು ನನ್ನ ವೃತ್ತಿ. ಆದರೆ ಚಿತ್ರದ ವಿಷಯದಲ್ಲಿ ನನ್ನ ಯೋಗ್ಯತೆ ಏನೆಂದು ಮೊದಲೇ ಹೇಳಿಬಿಡುತ್ತೇನೆ. ಐದನೇ ತರಗತಿಯಲ್ಲಿ ಮೇಷ್ಟ್ರು ಮಾವಿನಹಣ್ಣು ಬರೆಯಲು ಹೇಳಿದ್ದರು. ನನ್ನ ಸ್ಲೇಟನ್ನು ಎತ್ತಿ ಇಡೀ ತರಗತಿಗೆ ತೋರಿಸಿ, “ಇದು ಯಾರ ಕಿವಿ ಕಣ್ಲಾ?” ಎಂದರು. ಅಂದಿನಿಂದ ನಾನು ಬರೆಯುವುದು ಅಕ್ಷರ ಮಾತ್ರ.

ವಿಚಾರಣೆಯನ್ನು ಸ್ವಂತ ಮನೆಯಿಂದಲೇ ಶುರು ಮಾಡಿದೆ. ನಮ್ಮ ಗೋಡೆಗಳ ಮೇಲೆ ಏನೇನಿದೆ, ಅದು ಹೇಗೆ ಬಂತು ಎಂದು ಒಂದು ಭಾನುವಾರ ಪಟ್ಟಿ ಮಾಡಿದೆ. ದೇವರ ಪಟಗಳು ದಿನಸಿ ಅಂಗಡಿಯ ಕ್ಯಾಲೆಂಡರಿನವು; ವರ್ಷ ಮುಗಿದ ಮೇಲೆ ತಾರೀಖನ್ನು ಕತ್ತರಿಸಿ ದೇವರನ್ನು ಉಳಿಸಿಕೊಂಡದ್ದು. ಅಪ್ಪ ಅಮ್ಮನ ಫೋಟೊ. ನನ್ನ ಹತ್ತನೇ ತರಗತಿಯ ಗುಂಪುಚಿತ್ರ. ಊಟದ ಕೋಣೆಯಲ್ಲಿ ಒಂದು ಬೆಟ್ಟ. ಅದು ಗಿರಿಜಾಳದೇ, ನಮ್ಮ ಗೃಹಪ್ರವೇಶಕ್ಕೆ ಬಂದದ್ದು. ಐವತ್ತೆಂಟು ವರ್ಷದ ಬಾಳಿನಲ್ಲಿ ನಾನು ಒಂದೇ ಒಂದು ಚಿತ್ರವನ್ನೂ ದುಡ್ಡು ಕೊಟ್ಟು ಕೊಂಡಿಲ್ಲವೆಂಬುದು ಹೀಗೆ ಖಚಿತವಾಯಿತು. ಇಂಥವನ ಬಳಿ ಆಕೆ ಸಲಹೆ ಕೇಳಿದ್ದಳು.

ಆದರೂ ಕೊಟ್ಟೆ. ಮೊದಲ ಸಲಹೆ, ಚಿತ್ರದ ಫೋಟೊ ತೆಗೆದು ಫೋನಿನ ಸ್ಟೇಟಸ್ಸಿಗೆ ಹಾಕು, ‘ಮಾರಾಟಕ್ಕಿದೆ’ ಎಂದು ಕೆಳಗೆ ಬರಿ ಎನ್ನುವುದು. ಹಾಕಿದಳು. ಸಂಜೆಯೊಳಗೆ ಬಹಳ ಹೆಬ್ಬೆರಳುಗಳು ಬಂದವು. “ಸೂಪರ್ ಅಕ್ಕ” ಎಂದು ಹಲವರು. ಕೊರಟಗೆರೆಯ ಒಬ್ಬ ಸಂಬಂಧಿ ಮಾತ್ರ ಉದ್ದವಾಗಿ ಬರೆದಿದ್ದ: ಕಾರ್ತೀಕದಲ್ಲಿ ನಮ್ಮ ಗೃಹಪ್ರವೇಶ ಇದೆ, ಇದೇ ಬೆಟ್ಟವನ್ನು ನಮಗೆ ಇಟ್ಟಿರು.

ಎರಡನೆಯದಾಗಿ, ಬಸ್ ನಿಲ್ದಾಣದ ಬಳಿಯ ಹೋಟೆಲಿನ ಮಾಲೀಕನನ್ನು ನಾನೇ ಹೋಗಿ ಕೇಳಿದೆ. ಅವನು ಚಿತ್ರವನ್ನು ತುಂಬ ಹೊತ್ತು ನೋಡಿದ.

“ಚೆಂದಾಗೈತೆ ಸಾರ್. ಕೋಟೆ ಗೋಡೆ, ಬಾಗ್ಲು, ಎಲ್ಲಾ ಹಂಗಂಗೇ ಬಂದೈತೆ.”

“ಮತ್ತೆ ತಗೊಳ್ಳಿ.”

ಅವನು ಕಿಟಕಿಯ ಕಡೆ ಕೈ ತೋರಿಸಿದ. ಬೆಟ್ಟ ಅಲ್ಲೇ ನಿಂತಿತ್ತು, ಸಂಜೆ ಬಿಸಿಲಿನಲ್ಲಿ, ಇಡಿಯಾಗಿ. “ಪುಗಸಟ್ಟೆ ಕಾಣ್ತದಲ್ಲ ಸಾರ್” ಎಂದ. ಕಾಫಿ ಕುಡಿದು ಬಂದೆ.

ಹಾಗಾದರೆ ಬೆಟ್ಟವನ್ನು ದಿನವೂ ನೋಡದವರಿಗೆ ತೋರಿಸಬೇಕು ಎಂದು ನನ್ನ ತರ್ಕ ಮುಂದುವರಿಯಿತು. ಕೊರಟಗೆರೆ ತಾಲ್ಲೂಕಿನ ಸಿದ್ಧರಬೆಟ್ಟಕ್ಕೆ ಭಾನುವಾರ ಹೊರಗಿನ ಜನ ಬರುತ್ತಾರೆ. ಮೆಟ್ಟಿಲಿನ ಬುಡದಲ್ಲಿ ಸೌತೆಕಾಯಿ ಮಾರುವ ಹೆಂಗಸೊಬ್ಬರ ಪಕ್ಕ ಚಾಪೆ ಹಾಸಿ ಆರು ಚಿತ್ರ ಒರಗಿಸಿಟ್ಟೆವು. ಜನ ಬಂದರು, ನಿಂತರು, ಚಿತ್ರಗಳ ಪಕ್ಕ ಕೂತು ಸೆಲ್ಫಿ ತೆಗೆದುಕೊಂಡರು. ಒಬ್ಬರು “ಇದು ಯಾವ ದೇವ್ರು?” ಎಂದು ಕೇಳಿದರು. ಬೆಟ್ಟ ಎಂದೆವು. “ದೇವ್ರು ಎಲ್ಲಿ?” ಎಂದರು. ಮಧ್ಯಾಹ್ನದ ಹೊತ್ತಿಗೆ ಸೌತೆಕಾಯಿ ಬುಟ್ಟಿ ಖಾಲಿ. ಆಕೆ ಎದ್ದು ಹೊರಡುವಾಗ ಮರುಕದಿಂದ ಗಿರಿಜಾಳಿಗೆ ಎರಡು ಕಾಯಿ ಕೊಟ್ಟು, “ಮುಂದಿನ ವಾರ ಇದರ ಜತೆಗೆ ಮಂಡಕ್ಕಿನೂ ಇಟ್ಕಳವ್ವ” ಎಂದರು.

ನಾಲ್ಕನೆಯದು ಸಿರಾ. ಅಲ್ಲಿ ಫೋಟೊಗೆ ಕಟ್ಟು ಹಾಕುವ ಅಂಗಡಿಯ ಅನ್ವರ್ ಸಾಬರು ನನಗೆ ಹಳೆಯ ಪರಿಚಯ. ಒಂದು ಬೆಟ್ಟಕ್ಕೆ ಒಳ್ಳೆಯ ಕಟ್ಟು ಹಾಕಿಸಿ, ಅಂಗಡಿಯ ಎದುರು ಗೋಡೆಗೆ ನೇತುಹಾಕಲು ಒಪ್ಪಿಸಿದೆ. ಆಗಸ್ಟ್ ಹೋಯಿತು. ಗಣೇಶನ ಹಬ್ಬವೂ ಕಳೆಯಿತು. ಒಂದು ದಿನ ಸಾಬರು ಫೋನ್ ಮಾಡಿದರು.

“ಸಾರ್, ಗಿರಾಕಿ ಬಂದಿದ್ದರು.”

“ತಗೊಂಡರಾ?”

“ಫ್ರೇಮ್ ಪಸಂದ್ ಆಯ್ತು. ಪಹಾಡ್ ತೆಗೆದು ನಮ್ಮ ತಂದೆ ಫೋಟೊ ಹಾಕಿಕೊಡಿ ಅಂದರು. ಏನು ಮಾಡಲಿ?”

ಮುಂದಿನ ವಾರ ಬೆಟ್ಟ ವಾಪಸು ತರಲು ನಾನೇ ಹೋದೆ. ಸಾಬರು ಚಹಾ ತರಿಸಿದರು. ಅಂಗಡಿಯ ತುಂಬ ಕಟ್ಟು ಹಾಕಿಸಿಕೊಂಡು ಮನೆಗೆ ಹೋಗಲು ಕಾದಿದ್ದ ಮುಖಗಳು: ಅಜ್ಜಂದಿರು, ಅಜ್ಜಿಯರು, ಹೆಲ್ಮೆಟ್ಟಿಲ್ಲದೆ ಬೈಕಿನ ಮೇಲೆ ಕೂತ ಹುಡುಗರು.

“ಬೇಜಾರು ಮಾಡ್ಕೋಬೇಡಿ ಸಾರ್” ಎಂದರು. “ಇಲ್ಲಿಗೆ ಬರೋರೆಲ್ಲ ಯಾದ್, ಅಂದರೆ ನೆನಪು, ತಗೊಂಡು ಬರ್ತಾರೆ. ಹೋದೋರ ಫೋಟೊ, ಬಿಟ್ಟುಬಂದ ಮನೆ ಫೋಟೊ. ಇದ್ದಲ್ಲೇ ಇರೋದಕ್ಕೆ ಯಾರು ಫ್ರೇಮ್ ಹಾಕಿಸ್ತಾರೆ? ಪಹಾಡ್ ಎಲ್ಲಿಗೆ ಹೋಗ್ತದೆ?”

ನಾನು ಅದನ್ನು ಪುಸ್ತಕದಲ್ಲಿ ಬರೆದುಕೊಂಡೆ. ಬರೆದುಕೊಂಡದ್ದನ್ನೆಲ್ಲ ಅರ್ಥ ಮಾಡಿಕೊಳ್ಳುವ ಪದ್ಧತಿ ನಮ್ಮ ಕೆಲಸದಲ್ಲಿ ಇಲ್ಲ.

ದಸರಾ ಮುಗಿದ ವಾರ, ಕಡಲೆಕಾಯಿ ವ್ಯಾಪಾರದವನು ಬಂದು ಕೋಣೆಯ ಬಾಗಿಲು ಅಳತೆ ಮಾಡಿಕೊಂಡು ಹೋದ. ಚೀಲ ಹೊತ್ತವನು ನೆಟ್ಟಗೆ ಒಳಗೆ ಬರಬಹುದೇ, ಬಗ್ಗಬೇಕೇ ಎಂದು ನೋಡಲು. ಗಿರಿಜಾ ಚಿತ್ರಗಳನ್ನು ಹಳೆಯ ಸೀರೆಯಲ್ಲಿ ಸುತ್ತಿಡಲು ಶುರು ಮಾಡಿದ್ದಳು. ಆ ಹೊತ್ತಿನಲ್ಲಿ ಅವಳಿಗೆ ಒಂದು ಫೋನ್ ಬಂತು. ಪಾವಗಡ ತಾಲ್ಲೂಕಿನ ಬಲಸಮುದ್ರದ ನರಸಿಂಹಪ್ಪ ಎಂಬುವವರು. ಅವರು ಪಾವಗಡದಲ್ಲಿ ತಮ್ಮ ಸ್ನೇಹಿತನ ಮನೆಗೆ ಊಟಕ್ಕೆ ಹೋಗಿದ್ದರು. ಆ ಮನೆಯ ಗೋಡೆಯಲ್ಲಿ ಬೆಟ್ಟ ಇತ್ತು. ಗಿರಿಜಾಳ ಮನೆಯಲ್ಲಿ ನಾನು ಕಾಫಿ ಕುಡಿದ ಲೋಟದ ಮೇಲೆ ಹೆಸರಿತ್ತಲ್ಲ, ಅವರದೇ ಮನೆ.

“ಬೆಟ್ಟ ಬರ್ದೋರು ನೀವೇನಾಮ್ಮಾ? ನಮ್ಮ ಹೊಲ ಬರ್ದುಕೊಡ್ತೀರಾ?”

“ಬರೀತೀನಿ. ಹೊಲದ ಫೋಟೊ ಇದ್ದರೆ ಕಳಿಸಿ.”

“ಫೋಟೊ ಇಲ್ಲಮ್ಮ.”

“ಹಾಗಾದರೆ ಬಂದು ನೋಡಿಯೇ ಬರೀತೀನಿ.”

“ನೋಡಾಕೆ ಹೊಲನೂ ಇಲ್ಲಮ್ಮ. ಅದರ ಮ್ಯಾಲೆ ಸೋಲಾರ್ ಪ್ಯಾನಲ್ ಹಾಕವ್ರೆ. ಹೆಂಗಿತ್ತು ಅಂತ ನಾವು ಹೇಳ್ತೀವಿ, ನೀವು ಬರೀರಿ.”

ಗೌರಮ್ಮ ಇದನ್ನು ಕೇಳಿ, “ಇಲ್ದಿರೋ ಹೊಲ ಬರ್ಸಾಕೆ ದುಡ್ಡು ಕೊಡ್ತಾರಂತಾ?” ಎಂದು ನನ್ನ ಮುಖ ನೋಡಿದರು. “ಗುರುತಿಲ್ದೋರ ಮನೆ. ನೀನೂ ಜತೇಲಿ ಹೋಗಿ ಬಾರಪ್ಪ. ಏನು ನಡೀತೋ ಹಂಗಂಗೇ ಬರ್ಕೊಂಡು ಬಾ.”

ಪಾವಗಡಕ್ಕೆ ಬಸ್ಸು, ಅಲ್ಲಿಂದ ಆಟೊ. ರಸ್ತೆಯ ಒಂದು ಕಡೆ ಕಣ್ಣು ಹಾಯುವಷ್ಟು ದೂರ ನೀಲಿ ಗಾಜಿನ ಹಲಗೆಗಳು ಬಿಸಿಲಿಗೆ ಮುಖ ಮಾಡಿ ಮಲಗಿದ್ದವು. ಬಸ್ಸಿನಲ್ಲಿ ಬೆಲೆ ಹೇಳುವುದನ್ನು ಗಿರಿಜಾಳಿಗೆ ಅಭ್ಯಾಸ ಮಾಡಿಸಿದ್ದೆ. ನಾನು ಗಿರಾಕಿ, ಅವಳು ಕಲಾವಿದೆ. “ಎಷ್ಟಮ್ಮ?” ಎಂದು ನಾನು ಕೇಳಿದಾಗಲೆಲ್ಲ ಅವಳು “ನಿಮಗೆ ತೋಚಿದಷ್ಟು ಕೊಡಿ” ಎನ್ನುತ್ತಿದ್ದಳು. ಮೂರನೇ ಸಲಕ್ಕೆ ಹಿಂದಿನ ಸೀಟಿನವರು ಬಗ್ಗಿ, “ಏನು ಮಾರ್ತಾ ಇದ್ದೀರಿ?” ಎಂದು ವಿಚಾರಿಸಿದರು.

ನರಸಿಂಹಪ್ಪನವರದು ಹೊಸ ತಾರಸಿ ಮನೆ. ಭೂಮಿಯ ಗುತ್ತಿಗೆ ದುಡ್ಡು ವರ್ಷ ವರ್ಷ ಬರುತ್ತಿತ್ತು. ಪಕ್ಕದಲ್ಲೇ ಗೋಡೆಗೆ ಗೋಡೆ ತಾಗಿದಂತೆ ತಮ್ಮ ಅಂಜಿನಪ್ಪನ ಮನೆ, ಅದೇ ಅಳತೆ, ಅದೇ ಬಣ್ಣ. ಇಬ್ಬರ ತಾಯಿ ಲಕ್ಷ್ಮೀದೇವಮ್ಮ ಎರಡು ಮನೆಗಳ ಮುಂದಿನ ಕಟ್ಟೆಯ ಮೇಲೆ ಕೂತಿದ್ದರು. ಅವರ ಮಾತಿನಲ್ಲಿ ಅರ್ಧ ತೆಲುಗು.

“ಮೊಮ್ಮಕ್ಳು ನಮ್ಮ ಹೊಲ ಯಾವ್ದು ಅಂತ ಕೇಳ್ತಾವಮ್ಮಾ. ಆ ಗಾಜು ತೋರ್ಸಿ ಇದೇ ಅಂತ ಹೆಂಗೆ ಹೇಳ್ಲಿ? ಬರಿ ತಲ್ಲೀ, ನೀಕು ಪುಣ್ಯ ಬರ್ತೈತೆ.”

ಗಿರಿಜಾ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಪೆನ್ಸಿಲ್ ಹಿಡಿದಳು. ಬಾವಿ ಎಲ್ಲಿತ್ತು? ಮೂವರೂ ಒಂದೇ ಕಡೆ ಕೈ ತೋರಿಸಿದರು. ಹೊಂಗೆಮರ? ಅದೂ ಸರಿಹೋಯಿತು. ಹುಣಸೆಮರ? ಬಾವಿಯಿಂದ ಇಪ್ಪತ್ತು ಹೆಜ್ಜೆ. ಮರದ ಕೊಂಬೆ ಬಾವಿ ಕಡೆ ಬಾಗಿತ್ತೋ, ಆಚೆಗೋ? “ಅಟ್ಲ ಕಾದಮ್ಮಾ, ಇಟ್ಲ” ಎಂದು ತಾಯಿ ತಮ್ಮ ತೋಳನ್ನೇ ಕೊಂಬೆಯ ಹಾಗೆ ಬಾಗಿಸಿ ತೋರಿಸಿದರು. ಅರ್ಧ ಗಂಟೆಯೊಳಗೆ ಕಾಗದದ ಮೇಲೆ ಹೊಲ ಏಳತೊಡಗಿತ್ತು. ನೋಡಲು ಬಂದ ಅಕ್ಕಪಕ್ಕದವರು “ಅದೇ ಅದೇ” ಎನ್ನುತ್ತಿದ್ದರು. ಆಮೇಲೆ ಗಿರಿಜಾ, “ಇಬ್ಬರ ಹೊಲದ ನಡುವೆ ಬದು ಇತ್ತಲ್ಲ, ಅದು ಎಲ್ಲಿ ಬರುತ್ತೆ?” ಎಂದು ಕೇಳಿದಳು.

“ಹುಣಸೆಮರದಿಂದ ಆಚೆಗೆ” ಎಂದರು ನರಸಿಂಹಪ್ಪ.

“ಈಚೆಗೆ” ಎಂದರು ಅಂಜಿನಪ್ಪ.

ಬದು ಆಚೆಗಿದ್ದರೆ ಮರ ಅಣ್ಣನದು, ಈಚೆಗಿದ್ದರೆ ತಮ್ಮನದು ಎಂದು ಪಕ್ಕದಲ್ಲಿದ್ದವರೊಬ್ಬರು ನನಗೆ ಮೆಲ್ಲಗೆ ವಿವರಿಸಿದರು. ಮರ ಕಡಿದು ವರ್ಷಗಳಾಗಿದ್ದವು.

“ಅಪ್ಪ ಇದ್ದಾಗ್ಲೇ ಮರದ ಕಾಯಿ ನಾನು ಬಡೀತಿದ್ದೆ ಕಣ್ಲಾ” ಎಂದರು ಅಣ್ಣ.

“ಬಡ್ದಿದ್ದು ನೀನು, ಆಯ್ದಿದ್ದು ನನ್ನ ಹೆಂಡ್ತಿ. ಆಯ್ದೋರಿಗೆ ಮರ.”

“ಲೇ, ಇದು ಚಿತ್ರ ಕಣ್ಲಾ. ಚಿತ್ರದ ಮರದಾಗೆ ಕಾಯಿ ಬುಡ್ತದಾ?”

ಅಂಜಿನಪ್ಪ ಗಿರಿಜಾಳ ಕಡೆ ತಿರುಗಿದರು. “ಅಮ್ಮಾ, ಬದು ಬರೀಲೇಬ್ಯಾಡ್ರಿ. ಗುತ್ತಿಗೆ ಮುಗಿದ ದಿನ ಆ ಗಾಜು ತೆಗೀತಾರೆ. ಆವತ್ತು ಇವ್ನು ಈ ಚಿತ್ರ ತಂದು ಪಂಚಾಯ್ತಿ ಮುಂದಿಟ್ಟು, ನೋಡ್ರಪ್ಪ ಬದು ಇಲ್ಲೈತೆ ಅಂತಾನೆ. ಆಗಲೇ ಪೇಪರ್‌ನೋರನ್ನೂ ಕರ್ಕೊಂಡು ಬಂದವ್ರೆ, ಎಲ್ಲಾ ಬರ್ಕೊಂತಾವ್ರೆ!”

ನಾನು ಪುಸ್ತಕ ಮುಚ್ಚಿದೆ. ಬದುವಿಲ್ಲದೆ ಬರೆದರೆ ಅದು ನಮ್ಮ ಹೊಲವೇ ಅಲ್ಲ, ಯಾರದೋ ಬೀಳು ಎಂದು ಅಣ್ಣ ಹಟ ಹಿಡಿದರು. ಗಿರಿಜಾ ಆಚೆಗೆ ಗೆರೆ ಎಳೆದಳು, ಅಳಿಸಿದಳು, ಈಚೆಗೆ ಎಳೆದಳು, ಅಳಿಸಿದಳು. ಕೊನೆಗೆ ಕಾಗದವನ್ನು ಬೆಳಕಿಗೆ ಹಿಡಿದು ತೋರಿಸಿ, “ಇನ್ನೊಂದು ಸಲ ಅಳಿಸಿದರೆ ಇದು ತೂತು ಬೀಳುತ್ತೆ” ಎಂದಳು. ದೀಪಾವಳಿಗೆ ಹದಿನೈದು ದಿನವೂ ಇರಲಿಲ್ಲ.

ಲಕ್ಷ್ಮೀದೇವಮ್ಮ ಕಟ್ಟೆಯ ತುದಿಗೆ ಸರಿದರು. “ರೆಂಡು ಬರಿ ತಲ್ಲೀ” ಎಂದು ಎರಡು ಬೆರಳು ಎತ್ತಿದರು. “ಅವನಿಗೊಂದು, ಇವನಿಗೊಂದು. ಯಾರ್ಯಾರ ಬದು ಅವರವರ ಗೋಡೆ ಮ್ಯಾಲೆ ಇರ್ಲಿ. ನಾನು ಎರಡೂ ಮನೇಲೂ ಉಣ್ತೀನಿ, ಎರಡೂ ನೋಡ್ತೀನಿ.”

ಹತ್ತು ದಿನಗಳ ನಂತರ ಎರಡು ಚಿತ್ರ ಹೊತ್ತುಕೊಂಡು ಮತ್ತೆ ಹೋದೆವು. ಒಂದೇ ಬಾವಿ, ಒಂದೇ ಹೊಂಗೆ, ತಾಯಿ ತೋಳಿನಲ್ಲಿ ತೋರಿಸಿದ ಹಾಗೇ ಬಾಗಿದ ಹುಣಸೆ, ಹೂ ಬಿಟ್ಟ ಕಡಲೆಗಿಡದ ಸಾಲು. ಒಂದರಲ್ಲಿ ಬದು ಮರದಾಚೆ, ಇನ್ನೊಂದರಲ್ಲಿ ಈಚೆ. ಲಕ್ಷ್ಮೀದೇವಮ್ಮ ಚಿತ್ರಕ್ಕೆ ಮುಖವನ್ನು ಬಹಳ ಹತ್ತಿರ ತಂದು ನೋಡಿದರು. ಬಾವಿಕಟ್ಟೆಯ ಮೇಲೆ ಒಂದು ಕಡೆ ಬೆರಳಿಟ್ಟು, “ಇಲ್ಲಿ ಕೂತ್ಕಂಡು ಅಂಬಲಿ ಕುಡೀತಿದ್ದೆ” ಎಂದರು. ಬೆರಳನ್ನು ತೆಗೆಯಲಿಲ್ಲ.

ಬೆಲೆ ಕೇಳಿದ್ದು ನರಸಿಂಹಪ್ಪ. ಗಿರಿಜಾ ನನ್ನ ಕಡೆ ನೋಡಿದಳು. ನಾನು ಚಾವಣಿ ನೋಡಿದೆ. ಅವಳು ಕಣ್ಣು ಮುಚ್ಚಿಕೊಂಡು ಒಂದು ಮೊತ್ತ ಹೇಳಿದಳು. ಬಸ್ಸಿನಲ್ಲಿ ನಾನು ಕಲಿಸಿದ್ದಕ್ಕಿಂತ ಹೆಚ್ಚೇ ಇತ್ತು. ಅಣ್ಣ ತಲೆಯಾಡಿಸಿದರು. ತಮ್ಮ ಆಡಿಸಲಿಲ್ಲ.

“ಅಲ್ಲಮ್ಮಾ, ಒಂದೇ ಹೊಲ ಎರಡು ಸಲ ಬರ್ದಿದ್ದೀರ. ಮೊದಲ್ನೇದು ಕಷ್ಟ, ಒಪ್ತೀನಿ. ಎರಡ್ನೇದು ನೋಡ್ಕೊಂಡು ಬರ್ಯೋದು ತಾನೇ? ಕಮ್ಮಿ ಮಾಡ್ಕೊಳ್ರಿ.”

“ನಿಮ್ಮದನ್ನೇ ಮೊದಲು ಬರೆದಿದ್ದು ಅಣ್ಣ” ಎಂದಳು ಗಿರಿಜಾ.

“ಅಂಗಾರೆ ಅವನಿಗೆ ಕಮ್ಮಿ ಮಾಡ್ತೀರಾ?” ಎಂದು ಅಂಜಿನಪ್ಪ ಗಾಬರಿಯಾದರು. ಒಂದಷ್ಟು ಹೊತ್ತು ಹೀಗೇ ಜಗ್ಗಾಡಿ, ಕೊನೆಗೆ ಇಬ್ಬರಿಗೂ ಒಂದೇ ಬೆಲೆ, ಆದರೆ ಹೇಳಿದ್ದಕ್ಕಿಂತ ಇನ್ನೂರು ಕಡಿಮೆ ಎಂದು ತೀರ್ಮಾನವಾಯಿತು. ಲಕ್ಷ್ಮೀದೇವಮ್ಮ ಗಿರಿಜಾಳಿಗೆ ಕುಂಕುಮ ಇಟ್ಟರು. ತಟ್ಟೆಯಲ್ಲಿ ಎಲೆ ಅಡಿಕೆ, ತೆಂಗಿನಕಾಯಿ, ರವಿಕೆ ಬಟ್ಟೆ, ಅದರ ಮೇಲೆ ಇಬ್ಬರು ಮಕ್ಕಳ ದುಡ್ಡು, ದುಡ್ಡಿನ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಮಡಿಲಿಗೆ ಹಾಕಿದರು. ಬಾಗಿಲಿಗೆ ಬಂದವರನ್ನು ಮತ್ತೆ ನಿಲ್ಲಿಸಿ, ಹುರಿದ ಕಡಲೆಕಾಯಿ ತುಂಬಿದ ಒಂದು ಸ್ಟೀಲ್ ಡಬ್ಬಿಯನ್ನೂ ಕೊಟ್ಟರು.

ಮಧುಗಿರಿ ಮುಟ್ಟಿದಾಗ ಸಂಜೆ. ಗೌರಮ್ಮ ಪಡಸಾಲೆಯಲ್ಲೇ ಕಾದಿದ್ದರು. ಗಿರಿಜಾ ತಂದದ್ದನ್ನೆಲ್ಲ ಅವರ ಮುಂದೆ ಇಟ್ಟಳು. ಅವರು ದುಡ್ಡಿನ ಕಡೆ ನೋಡಲೇ ಇಲ್ಲ. ಡಬ್ಬಿಯನ್ನು ಕೈಗೆತ್ತಿಕೊಂಡು ತಿರುಗಿಸಿದರು. ತಳದಲ್ಲಿ ಹೆಸರಿತ್ತು.

“ತಿರ್ಗಾ ಪಾತ್ರೆ!” ಎಂದರು. “ಎಲೆ ಅಡಿಕೆ, ಕಾಯಿ, ರವಿಕೆ ಕಣ, ಮ್ಯಾಲೊಂದು ರೂಪಾಯಿ. ಇದು ಮುಯ್ಯಿ ಕಣಮ್ಮ. ನೀನು ಮುಯ್ಯಿ ಮಾಡ್ಬಂದಿದೀಯ, ಯಾಪಾರ ಅಲ್ಲ. ನಾಳೆ ಅವರ ಮನೇಲಿ ಮದುವೆ ಆದ್ರೆ ನಾವು ಇದನ್ನೆಲ್ಲ ತಿರ್ಗಿ ಕೊಡಬೇಕು.”

ಸೀರೆಯಲ್ಲಿ ಸುತ್ತಿಟ್ಟ ಬೆಟ್ಟಗಳು ಕೋಣೆಯ ಬಾಗಿಲ ಬಳಿಯೇ ಇದ್ದವು. ಬಸವರಾಜು ಅಂಗಡಿಯಿಂದ ಬಂದವನು ಹೊಸಿಲಲ್ಲೇ ನಿಂತ. ನನಗೆ ಆಗ ತೋಚಿದ್ದು ಒಂದೇ, ಪುಸ್ತಕ ತೆಗೆದು ಬರೆದುಕೊಂಡದ್ದನ್ನು ಓದುವುದು. ಎಷ್ಟು ಹೊತ್ತಿಗೆ ಹೋದೆವು, ಯಾರು ಎಲ್ಲಿ ಕೂತಿದ್ದರು, ಅಣ್ಣ ಏನೆಂದರು, ತಮ್ಮ ಏನೆಂದರು. ‘ಎರಡ್ನೇದು ನೋಡ್ಕೊಂಡು ಬರ್ಯೋದು ತಾನೇ, ಕಮ್ಮಿ ಮಾಡ್ಕೊಳ್ರಿ’ ಎಂಬಲ್ಲಿಗೆ ಬಂದಾಗ ಗೌರಮ್ಮ ಕೈ ಎತ್ತಿದರು.

“ನಿಲ್ಲು. ಚೌಕಾಸಿ ಮಾಡುದ್ರಾ?”

“ಮಾಡಿದರು.”

“ಎಷ್ಟು ಹೊತ್ತು?”

ಪುಸ್ತಕ ನೋಡಿದೆ. “ಹತ್ತು ನಿಮಿಷಕ್ಕೆ ಕಡಿಮೆಯಿಲ್ಲ. ಕೊನೆಗೆ ಇಬ್ಬರಿಗೂ ಇನ್ನೂರು ಇಳಿಯಿತು.”

ಗೌರಮ್ಮ ಡಬ್ಬಿಯನ್ನು ಕೆಳಗಿಟ್ಟರು. ಹದಿನೈದು ವರ್ಷ ಹಗ್ಗ ಗುದ್ದಲಿ ಮಾರಿದ ಮುಖದಲ್ಲಿ ಲೆಕ್ಕಾಚಾರವೊಂದು ಬದಲಾಗುವುದು ಕಾಣಿಸಿತು.

“ಮುಯ್ಯಿ ಮಾಡೋರು ಚೌಕಾಸಿ ಮಾಡಲ್ಲ. ಅಂಗಾರೆ ಇದು ಯಾಪಾರವೇ” ಎಂದರು. ಅದೇ ಉಸಿರಿನಲ್ಲಿ ಸೊಸೆಯ ಕಡೆ ತಿರುಗಿ, “ಆದ್ರೂ ಯಾಕೆ ಇಳಿಸ್ಬುಟ್ಟೆ? ಇಬ್ರಿಗೂ ಇಳಿಸಿದೀಯಲ್ಲ! ಒಬ್ಬ ಕೇಳಿದ್ದಕ್ಕೆ ಇನ್ನೊಬ್ಬನಿಗೆ ಯಾಕೆ? ಬೆಲೆ ಹೇಳಿ ಸುಮ್ಕೆ ನ್ಯಾಲ ನೋಡ್ತಾ ಕೂತ್ಕೋಬೇಕು ಕಣಮ್ಮ, ಅವರೇ ದಾರಿಗೆ ಬರ್ತಾರೆ. ಮುಂದ್ಲ ಸಲ ನಾನು ಬತ್ತೀನಿ ನಡಿ” ಎಂದರು.

ಗಿರಿಜಾ ನಗಲು ಹೋಗಿ ಕಣ್ಣೊರೆಸಿಕೊಂಡಳು. ಬಸವರಾಜು ಚಪ್ಪಲಿ ಬಿಟ್ಟು ಒಳಗೆ ಬಂದು, ಈ ವಿಷಯದಲ್ಲಿ ಮೊದಲ ಸಲ ಬಾಯಿ ತೆರೆದ. “ಕಡ್ಲೆಕಾಯಿಯೋನಿಗೆ ಬೇರೆ ಕಡೆ ನೋಡ್ಕೋ ಅಂತ ಹೇಳ್ತೀನಿ.”

ಈ ವಿಷಯವನ್ನು ನಾನು ಪತ್ರಿಕೆಗೂ ಕಳಿಸಿದ್ದೆ, ನಾಲ್ಕು ಪ್ಯಾರಾ. ಎರಡು ಚಿತ್ರ ಮಾರಾಟವಾದದ್ದು ಸುದ್ದಿಯಲ್ಲ, ಜಗಳ ಪಂಚಾಯಿತಿಗೆ ಹೋದರೆ ತಿಳಿಸಿ ಎಂದು ಡೆಸ್ಕಿನವರು ಹೇಳಿದರು. ಜಗಳ ಪಂಚಾಯಿತಿಗೆ ಹೋಗಿಲ್ಲ.

ದೀಪಾವಳಿಯ ನಂತರ ಬಲಸಮುದ್ರದ ಕಡೆಯಿಂದ ಇನ್ನೂ ಮೂರು ಮನೆಯವರು ತಂತಮ್ಮ ಹೊಲ ಬರೆಸಿಕೊಂಡಿದ್ದಾರೆ. ಅವರಲ್ಲಿ ಇಬ್ಬರು ಬದು ಬೇಡ ಎಂದು ಮೊದಲೇ ಹೇಳಿದ್ದರು. ಮಧುಗಿರಿ ಬೆಟ್ಟದ ಚಿತ್ರ ಇದುವರೆಗೆ ಒಂದೂ ಮಾರಾಟವಾಗಿಲ್ಲ. ಗೌರಮ್ಮನವರ ತವರು ಸಿರಾ ತಾಲ್ಲೂಕಿನ ತಾವರೆಕೆರೆ. ಅಲ್ಲಿನ ಅವರ ಮನೆಯ ಮುಂದಿನ ಜಗುಲಿ ರಸ್ತೆ ಅಗಲ ಮಾಡುವಾಗ ಹೋಯಿತು. ಒಂದು ತಿಂಗಳು ಅವರು ದಿನವೂ ಮಧ್ಯಾಹ್ನ ಕೋಣೆಗೆ ಬಂದು, ಸ್ಟೂಲಿನ ಮೇಲೆ ಕೂತು, ಜಗುಲಿ ಇನ್ನೂ ಒಂದು ಗೇಣು ಎತ್ತರ ಇತ್ತು, ಕಂಬ ಇಷ್ಟು ದಪ್ಪ ಇರಲಿಲ್ಲ ಎಂದು ಸೊಸೆಗೆ ಹೇಳುತ್ತಿದ್ದರು. ಈಗ ಚಿತ್ರ ಮುಗಿದಿದೆ. ಗಿರಿಜಾ ಬೆಲೆ ಹೇಳಿ ನೆಲ ನೋಡುತ್ತ ಕೂತಿದ್ದಾಳೆ. ಕಳೆದ ಭಾನುವಾರ ಸಂಜೆಯವರೆಗೆ ಚೌಕಾಸಿ ಮುಗಿದಿರಲಿಲ್ಲ.